ಗಿಡ್ಡ ಕಿರುಬೆರಳಿನ ಅಳತೆ

ಬಿನ್ ಒಮ್ರಾನ್, ದೋಹಾ
೧೨ ಸೆಪ್ಟೆಂಬರ್ ೨೦೨೪

ಪ್ರಿಯ ಟೆರೆನ್ಸ್,

ಈ ಕಾಗದ ತಂದುಕೊಟ್ಟ ಉಳ್ಳಾಲದ ಹಸೈನಾರಾಕನಿಗೆ ಮೊದಲು ಕುಡಿಯಲು ಏನಾದರೂ ಕೊಡು. ನನ್ನನ್ನು ಆಮೇಲೆ ಬೈಯಬಹುದು. ವಾಟ್ಸಾಪಿನಲ್ಲಿ ನೀನು ನನ್ನನ್ನು ಬ್ಲಾಕ್ ಮಾಡಿದ್ದೀ. ಕಾಗದವನ್ನು ಬ್ಲಾಕ್ ಮಾಡಲು ಬರುವುದಿಲ್ಲ, ಹರಿಯಲು ಬರುತ್ತದೆ. ಹರಿಯುವ ಮೊದಲು ಓದು ಮಾರಾಯ.

ಏಳೂವರೆ ವರ್ಷವಾಯಿತು ನಾವು ಮಾತಾಡದೆ. ಶನಿ ಕೂಡ ಇಷ್ಟಾದ ಮೇಲೆ ಬಿಟ್ಟು ಹೋಗುತ್ತಾನೆ. ನಿಮಗೆ ಕ್ರೈಸ್ತರಿಗೆ ಶನಿಯ ಕಾಟವಿಲ್ಲ, ಬರೇ ಶನಿವಾರ. ಆದ್ದರಿಂದ ಈ ಲೆಕ್ಕ ನಿನಗೆ ತಿಳಿದಿರಲಾರದು.

ಹಸೈನಾರಾಕನ ಕೈಯ ಕಪ್ಪು ಪೆಟ್ಟಿಗೆಯಲ್ಲಿ ಒಂದು ಆಲ್ಟೊ ಸ್ಯಾಕ್ಸೊಫೋನ್ ಉಂಟು. ನನ್ನದಲ್ಲ. ನಾನು ಇಲ್ಲಿ ಎ.ಸಿ. ರಿಪೇರಿಯ ಸೂಪರ್‌ವೈಸರ್. ಸಂಗೀತ ಬಿಟ್ಟದ್ದೇ ಶೀತ ಹಿಡಿಯಿತು. ಕೂಲಿಂಗ್ ಇಲಾಖೆಯ ಕೂಲಿ ಎಂದರೂ ಸರಿ.

ಜುಲೈಯಲ್ಲಿ ಅಲ್ ಗರಾಫಾದ ಒಂದು ವಿಲ್ಲಾದಿಂದ ಕಂಪ್ಲೇಂಟ್ ಬಂತು, ಎ.ಸಿ. ಸೋರುತ್ತದೆ ಎಂದು. ನಾನು ಏಣಿ ಹತ್ತಿ ಪೈಪು ಬಿಚ್ಚುತ್ತಿದ್ದಾಗ ಒಳಕೋಣೆಯಿಂದ ಆಲ್ಟೊ ಕೇಳಿಸಿತು. ಊದುವವನು ಸಾಮಾನ್ಯನಲ್ಲ ಎಂದು ಎರಡೇ ಸಾಲಿಗೆ ಗೊತ್ತಾಯಿತು. ಆದರೆ ಒಂದು ಸ್ವರ ಪ್ರತಿ ಸಲವೂ ಒಡೆಯುತ್ತಿತ್ತು. ಸುಮ್ಮನಿರುವ ಬಾಯಿಯಾ ನನ್ನದು? "ಸರ್, ಈ ಮನೆಯಲ್ಲಿ ಸೋರುವುದು ಎರಡು" ಎಂದೆ. "ಒಂದು ನಮ್ಮ ಎ.ಸಿ.ದು. ಇನ್ನೊಂದು ನಿಮ್ಮ ಜಿ ಶಾರ್ಪ್ ಪ್ಯಾಡಿನದ್ದು."

ಬಿಳಿ ಗಡ್ಡದ ಉದ್ದ ಮುದುಕ ಹೊರಗೆ ಬಂದು, ಕನ್ನಡಕದ ಮೇಲಿನಿಂದ ನನ್ನನ್ನು ನೋಡಿ, ವಾದ್ಯವನ್ನು ಏಣಿಯ ಮೇಲಕ್ಕೇ ಚಾಚಿದ. ಕೈ ಒದ್ದೆ ಎಂದು ಹೇಳಿ ನಾನು ಮುಟ್ಟಲಿಲ್ಲ.

ಅವರ ಹೆಸರು ವಿತೋಲ್ದ್. ಪೋಲೆಂಡಿನವರು, ವಯಸ್ಸು ಎಪ್ಪತ್ತಾರು. ಅವರ ದೇಶದಲ್ಲಿ ಹೆಸರಾಂತ ಜಾಝ್ ವಾದಕ, ಸಂಗೀತ ರಚನೆಕಾರ. ಇಲ್ಲಿ ಬರೇ ಟೀಚರ್ ಹಾನ್ನಾಳ ಅಪ್ಪ. ಜನವರಿ ಹದಿನೇಳಕ್ಕೆ ದೋಹಾದಲ್ಲಿ ಅವರ ಕಛೇರಿ ಉಂಟು. ಹಳೆಯ ಜೊತೆಗಾರರು ಮೂವರು ಪೋಲೆಂಡಿನಿಂದ ಬರುತ್ತಾರೆ. ನಾಲ್ವರ ಪ್ರಾಯ ಕೂಡಿಸಿದರೆ ಮುನ್ನೂರು. ವಿತೋಲ್ದರ ಮುಂದಿನ ಹಲ್ಲುಗಳು ಅಲ್ಲಾಡುತ್ತಿವೆ, ಫೆಬ್ರವರಿಗೆ ಕೀಳಿಸಬೇಕಂತೆ. ಆ ಹಲ್ಲು ಹೋದರೆ ಸ್ಯಾಕ್ಸ್ ಊದುವುದು ಹೇಗೆಂದು ನಿನಗೆ ನಾನು ಹೇಳಬೇಕಾಗಿಲ್ಲ. ಹಾಗಾಗಿ ಅದೇ ಕೊನೆಯ ಕಛೇರಿ. ಅದನ್ನು ಅವರು ಈ ವಾದ್ಯದಲ್ಲೇ ಊದಬೇಕು, ಐವತ್ತೆಂಟು ವರ್ಷದಿಂದ ಬೇರೊಂದನ್ನು ಬಾಯಿಗೆ ಇಟ್ಟವರಲ್ಲ. ಇಲ್ಲಿಯ ಅಂಗಡಿಯವನು ನೋಡಿ "ಖಲಾಸ್, ಹೊಸದು ತೆಗೊಳ್ಳಿ" ಎಂದ.

ನನಗೆ ಗೊತ್ತಿರುವ ರಿಪೇರಿಯವನು ಒಬ್ಬನೇ. ಅವನು ನನ್ನ ಹತ್ತಿರ ಮಾತು ಬಿಟ್ಟಿದ್ದಾನೆ. ವಾದ್ಯದ ಹತ್ತಿರ ಮಾತಾಡಲು ಅವನಿಗೇನೂ ತೊಂದರೆ ಇರಲಾರದು.

ತಂಗಿ ಲೊರ್ನಾಳನ್ನು ಕೇಳಿದ್ದೇನೆಂದು ಹೇಳು. ನಿನ್ನ ಅಪ್ಪ, ನಮ್ಮ ಬೇಂಡಿನ ಮಾಸ್ತರರ ವಿಷಯ... ಅದು ಇನ್ನೊಮ್ಮೆ.

ನಿನ್ನ
ಯಜ್ಞೇಶ್

*

ಕಿನ್ನಿಗೋಳಿ
೨೯ ಸೆಪ್ಟೆಂಬರ್ ೨೦೨೪

ಶ್ರೀ ಯಜ್ಞೇಶ್ ಶೇರಿಗಾರ್ ಅವರಿಗೆ,

ವಾದ್ಯ ತಲುಪಿತು. ಹಸೈನಾರಾಕನನ್ನು ಏರ್‌ಪೋರ್ಟಿನಲ್ಲಿ ಇದು ಹುಕ್ಕಾವಾ ಎಂದು ಕೇಳಿದರಂತೆ. "ಹೊಗೆ ಬರುವುದಿಲ್ಲ ಸಾರ್, ಶಬ್ದ ಮಾತ್ರ" ಎಂದು ಹೇಳಿ ದಾಟಿದ್ದಾರೆ.

ಒಂಬತ್ತು ಪ್ಯಾಡ್ ಸತ್ತಿವೆ. ಮರುಭೂಮಿಯ ಗಾಳಿಗೆ, ತೂತು ಮುಚ್ಚುವ ಚರ್ಮ ಹಪ್ಪಳವಾಗಿದೆ. ಎರಡು ಸ್ಪ್ರಿಂಗ್ ತುಕ್ಕು. ಕತ್ತಿನ ಕಾರ್ಕ್ ಇಲ್ಲವೇ ಇಲ್ಲ, ಯಾರೋ ದಪ್ಪ ಕಾಗದ ಸುತ್ತಿದ್ದಾರೆ. ಡಿಸೆಂಬರ್ ಮೊದಲ ವಾರಕ್ಕೆ ಆಗುತ್ತದೆ. ಅಲ್ಲಿಯವರೆಗೆ ಮದುವೆ ಸೀಸನ್ನು, ದೇವಸ್ಥಾನದಲ್ಲಿ ಊದುವ ಪಾರ್ಟಿಗಳವರು ಬಾಗಿಲಲ್ಲಿ ಕೂತಿದ್ದಾರೆ.

ಕೆಳಗಿನ ಒಂದು ಪ್ಯಾಡಿನ ಅಡಿಯಲ್ಲಿ ನಾಲ್ಕು ಮಡಿಕೆಯ ಟಿಕೇಟು ಸಿಕ್ಕಿತು. ೧೯೭೩ ಎಂದು ಓದಲಿಕ್ಕಾಗುತ್ತದೆ, ಉಳಿದದ್ದು ಅವರ ಭಾಷೆ. ಇದು ಕಸವಾ, ಬೇಕಾದದ್ದಾ? ಕೇಳಿ ತಿಳಿಸಿ.

ನಿಮ್ಮ ಸ್ವಂತ ಆಲ್ಟೊ ಕೂಡ ಇಲ್ಲಿ ಉಂಟು. ಪ್ಯಾಡ್ ಬದಲಿಸಿ ಆಗಿದೆ. ೨೦೧೭ರ ಫೆಬ್ರವರಿ ಎಂಟಕ್ಕೇ ಆಗಿದೆ.

ಇತಿ
ಟೆರೆನ್ಸ್

*

ಬಿನ್ ಒಮ್ರಾನ್
೨೦ ಅಕ್ಟೋಬರ್ ೨೦೨೪

ಪ್ರಿಯ ಟೆರೆನ್ಸ್,

ನನ್ನನ್ನು "ಶ್ರೀ" ಮಾಡಿದ್ದಕ್ಕೆ ಸಂತೋಷ. ಊರಲ್ಲಿ ಇದ್ದಾಗ ಶ್ರೀಯೂ ಇರಲಿಲ್ಲ, ಶ್ರೀಮತಿಯೂ ಇರಲಿಲ್ಲ. ಈಗ ಅರ್ಧ ಬಂತು.

ಟಿಕೇಟು ಕಸವಲ್ಲ. ಅದನ್ನು ಹೇಳಿದ ಕೂಡಲೇ ವಿತೋಲ್ದ್ ಕುರ್ಚಿಯಿಂದ ಎದ್ದು ನಿಂತರು. ಈಗ ಪ್ರತಿ ಶುಕ್ರವಾರ ನಾನು ಅವರಲ್ಲಿಗೆ ಹೋಗುತ್ತೇನೆ. ಎ.ಸಿ. ನೋಡುವ ನೆವ. ಅದು ಸರಿಯಾಗಿ ಮೂರು ತಿಂಗಳಾಯಿತು, ಆದರೂ ಹಾನ್ನಾ "ಮತ್ತೆ ಕೆಟ್ಟಿದೆ" ಎಂದು ಫೋನು ಮಾಡುತ್ತಾಳೆ. ಅಪ್ಪನಿಗೆ ಮಾತಾಡಲು ಜನ ಬೇಕು ಎಂಬುದಕ್ಕೆ ಅವಳ ಭಾಷೆಯಲ್ಲಿ ಎ.ಸಿ. ಎಂದು ಹೆಸರು.

ಅವರ ಊರನ್ನು ಬರೆಯುವುದು ಲೋದ್ಜ್, ಕರೆಯುವುದು ವುಚ್. ಮಂಗಳೂರನ್ನು ಕುಡ್ಲ, ಮೂಡುಬಿದಿರೆಯನ್ನು ಬೆದ್ರ ಎನ್ನುವ ನಮಗೆ ಇದರಲ್ಲಿ ಅತಿಶಯ ಎಂತದೂ ಇಲ್ಲ. ಊರಿಗೆ ಊರೇ ಬಟ್ಟೆಯ ಗಿರಣಿ. ಅವರಮ್ಮ ಅಲ್ಲಿ ಏಳು ಮಗ್ಗ ನೋಡಿಕೊಳ್ಳುತ್ತಿದ್ದಳಂತೆ. ಶಾಲೆ ಬಿಟ್ಟ ಹುಡುಗ ಗೇಟಿನ ಹೊರಗೆ ಕೂತು ಕಿವಿಗೊಟ್ಟರೆ ಆ ನೂರಾರು ಮಗ್ಗದ ಸದ್ದಿನಲ್ಲಿ ಅಮ್ಮನ ಏಳು ಯಾವುವೆಂದು ಗೊತ್ತಾಗುತ್ತಿತ್ತಂತೆ. "ಸುಳ್ಳು" ಎಂದೆ. "ಇರಬಹುದು" ಎಂದರು. "ಆದರೆ ಆ ಸುಳ್ಳಿನಿಂದಲೇ ನಾನು ತಾಳ ಕಲಿತದ್ದು."

ಹನ್ನೆರಡನೆಯ ವಯಸ್ಸಿಗೆ ಗಿರಣಿಯ ಅಗ್ನಿಶಾಮಕದವರ ಬೇಂಡಿಗೆ ಸೇರಿದರು, ಕ್ಲಾರಿನೆಟ್ಟಿಗೆ. ಹದಿನೆಂಟಕ್ಕೆ ಈ ಆಲ್ಟೊ ಬಂತು. ಜಾಝ್ ಕೇಳಿದ್ದೆಲ್ಲ ರೇಡಿಯೋದಲ್ಲಿ, ಅದೂ ಗೊರಗೊರದ ನಡುವೆ. ಆ ಗೊರಗೊರವೂ ಸಂಗೀತದ ಭಾಗ ಎಂದು ನಂಬಿ ಮೊದಲೆರಡು ವರ್ಷ ಹಾಗೇ ಊದಿದರಂತೆ! ಮತ್ತೆ ಸ್ವಂತ ತಂಡ, ನಾಲ್ಕು ಜನ. ೧೯೭೩ರಲ್ಲಿ ಅವರ ದೊಡ್ಡ ಕಛೇರಿಗೆ ಹೋಗುವ ದಾರಿಯಲ್ಲಿ, ಟ್ರಾಮಿನಲ್ಲಿ, ಪ್ಯಾಡು ಸಡಿಲವಾಯಿತು. ಕೈಯಲ್ಲಿದ್ದ ಟಿಕೇಟನ್ನು ಮಡಚಿ ಅಡಿಗೆ ತುರುಕಿದರು. ಆ ಕಛೇರಿಯಿಂದ ಅವರಿಗೆ ಹೆಸರು ಬಂತು. ಟಿಕೇಟು ಅಲ್ಲೇ ಉಳಿಯಿತು. "ಹಿಂತಿರುಗುವಾಗ ಟಿಕೇಟಿಲ್ಲದೆ ದಂಡ ಕಟ್ಟಿದೆ" ಎಂದು ನಗುತ್ತಾರೆ.

ಮಕ್ಕಳ ಕಾರ್ಟೂನಿಗೆ ಸಂಗೀತ ಬರೆದರು. ಟ್ರಾಮು ಹತ್ತುವ ಒಂದು ಆಡಿನ ಕಥೆ. ಇವತ್ತಿಗೂ ಅಲ್ಲಿಯ ಅಜ್ಜಂದಿರು ಅದನ್ನು ಶಿಳ್ಳೆ ಹಾಕುತ್ತಾರಂತೆ. ಮತ್ತೆ ೧೯೮೧ರ ಡಿಸೆಂಬರ್ ಬಂತು. ಬೀದಿಯಲ್ಲಿ ಸೈನ್ಯ, ಸಭಾಂಗಣಗಳಿಗೆ ಬೀಗ, ಫೋನು ಮಾಫಿ. ಅವರು ಪ್ರಯಾಣಿಕರ ಹಡಗಿನ ಬೇಂಡಿಗೆ ಸೇರಿದರು. ಒಂಬತ್ತು ವರ್ಷ ಸಮುದ್ರದ ಮೇಲೆ ನಿವೃತ್ತರಿಗೆ ಕುಣಿಯಲು ವಾಲ್ಟ್ಸ್ ಊದಿದರು. ಜಾಝ್ ಹೋಗಿ ಜಹಜಾಯಿತು. ಅಮ್ಮ ತೀರಿಕೊಂಡಾಗ ಅವರು ನಡುಸಮುದ್ರದಲ್ಲಿ. ತಂತಿ ತಲುಪಿದ್ದು ಹನ್ನೊಂದು ದಿನ ಕಳೆದು.

ಊರಿಗೆ ಹಿಂತಿರುಗಿದ ಮೇಲೆ ಬರೆದದ್ದು ಅವರ ದೊಡ್ಡ ಕೃತಿ, 'ಏಳು ಮಗ್ಗಗಳು'. ಆರು ಭಾಗ ಆಗಿದೆ. ಏಳನೆಯದು ಮೂವತ್ತು ವರ್ಷದಿಂದ ಖಾಲಿ. ಅಮ್ಮನ ಮಗ್ಗ ನಿಂತ ಸದ್ದು ಹೇಗಿರುತ್ತದೆ ಎಂಬುದು ಅವರಿಗೆ ಸಿಗುತ್ತಿಲ್ಲ. "ನಾನು ಅಲ್ಲಿ ಇರಲಿಲ್ಲವಲ್ಲ" ಎಂದರು.

ನಾನು ಎದ್ದು ಹೋಗಿ ಎ.ಸಿ.ಯ ಫಿಲ್ಟರ್ ತೆಗೆದು ತೊಳೆದೆ. ಅದು ಶುಭ್ರವಾಗಿಯೇ ಇತ್ತು.

ಟೆರೆನ್ಸ್, ಆ ದಿನ ನಾನು ಏರ್‌ಪೋರ್ಟಿಗೆ ಹೊರಟಾಗ, ಟ್ಯಾಕ್ಸಿ ನಿಮ್ಮ ಮನೆಯ ತಿರುವಿನಲ್ಲಿ

ಸರಿ, ಕಾಗದ ಮುಗಿಯಿತು. ಗಲ್ಫಿನ ಅರಬಿಯಲ್ಲಿ ಮಾಫಿ ಎಂದರೆ "ಇಲ್ಲ" ಎಂದು. ನಮ್ಮೂರಿನ ಮಾಫಿ ಬೇರೆ. ಎರಡೂ ಕೇಳಲು ಒಂದೇ ತರ.

ನಿನ್ನ
ಯಜ್ಞೇಶ್

*

ಕಿನ್ನಿಗೋಳಿ
೮ ಡಿಸೆಂಬರ್ ೨೦೨೪

ಯಜ್ಞೇಶ್,

ಕೆಲಸ ಮುಗಿಯಿತು. ಹಸೈನಾರಾಕ ಹದಿನೆಂಟಕ್ಕೆ ಹೊರಡುತ್ತಾರೆ, ಅವರ ಕೈಯಲ್ಲೇ ಕಳಿಸುತ್ತೇನೆ. ಟಿಕೇಟನ್ನು ಇದ್ದಲ್ಲೇ ಮತ್ತೆ ಇಟ್ಟಿದ್ದೇನೆ. ತೆಗೆದರೆ ಗಾಳಿ ಸೋರುತ್ತದೆ, ಆ ಪ್ಯಾಡು ಅದಕ್ಕೇ ಒಗ್ಗಿದೆ.

ಕಾಗದ ಮುಗಿದಿತ್ತು ಎಂದು ಬರೆದಿದ್ದೀ. ಹಾಳೆಯ ಹಿಂಬದಿ ಪೂರ್ತಿ ಖಾಲಿ ಇತ್ತು.

ಟೆರೆನ್ಸ್

ಇದರ ಕೆಳಗೆ ನಾನು ಲೊರ್ನಾ ಬರೆಯುವುದು: ಯಜ್ಞಣ್ಣಾ, ಈ ವಾದ್ಯ ಅಂಗಡಿಗೆ ಬಂದ ಮೇಲೆ ಅಣ್ಣ ಊಟಕ್ಕೆ ಕರೆದರೂ ಏಳುವುದಿಲ್ಲ, ಬಾಯಲ್ಲಿ ಶಿಳ್ಳೆ ಬೇರೆ. ಅಪ್ಪ ಹೋದ ಮೇಲೆ ಅವನ ಶಿಳ್ಳೆ ಕೇಳಿದ್ದು ಇದೇ ಮೊದಲು. ನಾನು ಬರೆದದ್ದು ಅವನಿಗೆ ಗೊತ್ತಿಲ್ಲ.

*

ಬಿನ್ ಒಮ್ರಾನ್
೨೭ ಡಿಸೆಂಬರ್ ೨೦೨೪

ಟೆರೆನ್ಸ್,

ಈ ಸಲ ತಮಾಷೆ ಇಲ್ಲ. ಕಛೇರಿಗೆ ಇಪ್ಪತ್ತೊಂದು ದಿನ ಉಳಿದಿದೆ.

ಪೆಟ್ಟಿಗೆ ತೆರೆದಾಗ ವಿತೋಲ್ದ್ ಮಗುವಿನ ಹಾಗೆ ನಕ್ಕರು. ಹಿತ್ತಾಳೆ ಅಷ್ಟು ಹೊಳೆಯುತ್ತಿತ್ತು. ಊದಿದರು. ಒಂದೇ ಒಂದು ಸೋರಿಕೆ ಇಲ್ಲ. ಆದರೆ ಅವರದ್ದು ಮಗ್ಗದ ಸಂಗೀತ ಮಾರಾಯ, ಸ್ವರ ಟಕ್ ಟಕ್ ಎಂದು ಬೀಳಬೇಕು. ಇದರಲ್ಲಿ ಸ್ವರಗಳೆಲ್ಲ ಜಾರುತ್ತವೆ. ಕೀಗಳು ಮೆತ್ತಗೆ, ಎದ್ದು ಬರಲು ಅವಸರವೇ ಇಲ್ಲ. ಅವರು ಓಡಿದರೆ ವಾದ್ಯ ನಡೆಯುತ್ತದೆ. ನಾಲ್ಕು ಸಲ ಪ್ರಯತ್ನಿಸಿ ಮಡಿಲಲ್ಲಿಟ್ಟರು.

ನೀನು ಅದನ್ನು ದೇವಸ್ಥಾನದ ಆಲ್ಟೊ ಮಾಡಿದ್ದೀ ಟೆರೆನ್ಸ್. ನಮ್ಮವರಿಗೆ ಗಮಕ ಬರಲೆಂದು ಮಾಡುವ ಹಾಗೆ ಸ್ಪ್ರಿಂಗ್ ಸಡಿಲಿಸಿದ್ದೀ, ದಪ್ಪ ಮೆತ್ತನೆಯ ಪ್ಯಾಡು ಹಾಕಿದ್ದೀ.

ಮತ್ತೊಂದು ಉಂಟು. ಅವರು ಎಡಗೈಯ ಕಿರುಬೆರಳಿನ ಕೀಯನ್ನು ಬಹಳ ಹೊತ್ತು ನೋಡಿದರು. ಅದು ಒಳಗೆ ಬಾಗಿದೆ. ಅವರ ಬೆರಳು ಪ್ರತಿ ಸಲ ಅದನ್ನು ದಾಟಿ ಆಚೆ ಹೋಗುತ್ತದೆ. ಸಿಟ್ಟಿಲ್ಲದೆಯೇ ಹೇಳಿದರು, "ರಿಪೇರಿ ಬಹಳ ಚೆನ್ನಾಗಿದೆ. ಆದರೆ ಇದು ನನಗೆ ಮಾಡಿದ್ದಲ್ಲ. ಕಿರುಬೆರಳು ಗಿಡ್ಡ ಇರುವ ಯಾರಿಗೋ ಮಾಡಿದ್ದು."

ನಾನು ಎಡಗೈಯನ್ನು ಪ್ಯಾಂಟಿನ ಜೇಬಿನೊಳಗೆ ಇಟ್ಟುಕೊಂಡೆ.

ಏನು ಮಾಡಲಿ? ಬೇಗ ಬರೆ. ಅವರಿಗೆ ಇನ್ನೊಂದು ಕಛೇರಿ ಇಲ್ಲ.

ಯಜ್ಞೇಶ್

*

ಕಿನ್ನಿಗೋಳಿ
೪ ಜನವರಿ ೨೦೨೫

ಯಜ್ಞ,

ಕಾಗದ ನಿನ್ನೆ ಸಿಕ್ಕಿತು. ಫೋನು ಮಾಡಬಹುದಿತ್ತು. ಬ್ಲಾಕ್ ತೆಗೆಯುವುದು ಹೇಗೆಂದು ಲೊರ್ನಾಗೆ ಮಾತ್ರ ಗೊತ್ತು, ಕೇಳಿದರೆ ಅವಳು ವಾಡೆಯ ಮನೆಮನೆಗೆಲ್ಲ ಹೇಳಿಕೊಂಡು ಬರುತ್ತಾಳೆ. ಅಲ್ಲದೆ ಇದನ್ನು ಫೋನಿನಲ್ಲಿ ಹೇಳಲು ನನಗೆ ಬಾಯಿ ಬರುವುದಿಲ್ಲ.

ತಪ್ಪು ನನ್ನದು. ನನ್ನ ಅಂಗಡಿಗೆ ಬರುವ ಆಲ್ಟೊ ಎಲ್ಲ ದೇವಸ್ಥಾನದ್ದು, ಮದುವೆಯದ್ದು. ಕೈಗೆ ಅದೇ ಅಭ್ಯಾಸ. ಇಷ್ಟು ಹೇಳಿ ಬಿಡಬಹುದಿತ್ತು. ಕಿರುಬೆರಳಿನ ಕೀಗೆ ಅದು ಸಾಲುವುದಿಲ್ಲ.

ನಿನಗೆ ಹನ್ನೊಂದು ವರ್ಷ ಇದ್ದಾಗ ಅಪ್ಪ ನಿನ್ನ ಆ ಬೆರಳನ್ನು ಎಳೆದು ನೋಡಿ, "ಇದು ಇನ್ನು ಬೆಳೆಯುವುದಿಲ್ಲ, ಕೀಯೇ ಹತ್ತಿರ ಬರಲಿ" ಎಂದು ಬಾಗಿಸಿದ್ದರು. ನಾನು ದೀಪ ಹಿಡಿದಿದ್ದೆ. ಆ ಕೋನ ನನ್ನ ಕೈಗೆ ಬಾಯಿಪಾಠ. ಪಾರ್ಟಿಗಳವರು ಬೈಯುತ್ತಾರೆ, "ಎಂತ ಟೆರಿ, ಮತ್ತೆ ಕೀ ಒಳಗೆ ಹಾಕಿದಿಯಾ" ಎಂದು. ಎಷ್ಟೋ ಸಲ ಸರಿ ಮಾಡಿ ಕೊಟ್ಟಿದ್ದೇನೆ. ನಿನ್ನ ಮುದುಕರು ದೂರದಲ್ಲಿದ್ದರು, ಬೈಯಲು ಬರಲಿಲ್ಲ, ಹಾಗೇ ಹೋಯಿತು.

ಈಗ ನೀನೇ ಸರಿ ಮಾಡಬೇಕು. ಅಪ್ಪ ಇಬ್ಬರಿಗೂ ಕಲಿಸಿದ್ದಾರೆ. ಕೊರಿಯರಿನಲ್ಲಿ ಕಳಿಸುವ ಈ ಲಕೋಟೆಯಲ್ಲಿ ಗಟ್ಟಿ ಸ್ಪ್ರಿಂಗ್ ಹನ್ನೊಂದು, ತೆಳು ಪ್ಯಾಡು ಎಂಟು ಉಂಟು. ಪಕ್ಕಡಿನ ಬಾಯಿಗೆ ಬಟ್ಟೆ ಸುತ್ತು. ಕೀಯನ್ನು ಒಂದೇ ಸಲಕ್ಕೆ ಬಾಗಿಸಬೇಡ, ಮೂರು ಸಲಕ್ಕೆ. ಟಿಕೇಟನ್ನು ಮುಟ್ಟಬೇಡ.

ಇನ್ನೊಂದು. ಅಪ್ಪ ಹೋಗುವ ಮೊದಲು, ತನ್ನ ಶವಯಾತ್ರೆಗೆ, ತಾನು ಬರೆದ ಮಾರ್ಚನ್ನು ನೀನು ಊದಬೇಕು ಎಂದಿದ್ದರು. ನಿನಗೂ ಗೊತ್ತು. ಎಂಟನೇ ತಾರೀಕು ಅವರ ಹೆಣ ಮನೆಯಲ್ಲಿ ಇದ್ದಾಗ ನಾನು ಅಂಗಡಿಯಲ್ಲಿ ಕೂತು ನಿನ್ನ ಪ್ಯಾಡು ಹಾಕಿದೆ. ಒಂಬತ್ತಕ್ಕೆ ಮಣ್ಣು ಮಾಡುವಾಗ ನೀನು ಬರಲಿಲ್ಲ. ವೀಸಾದ ಕೊನೆಯ ದಿನ ಎಂದು ಮತ್ತೆ ಗೊತ್ತಾಯಿತು. ರಾಗ ಊದುವುದು ಆಲ್ಟೊ, ಬೇರೆಯವರಿಗೆ ಅದು ಬರುವುದಿಲ್ಲ. ಮನೆಯಿಂದ ಇಗರ್ಜಿಯವರೆಗೆ ನಾವು ಬರೇ ಅಡಿಯ ಪಕ್ಕವಾದ್ಯ ನುಡಿಸಿಕೊಂಡು ಹೋದೆವು. ಡ್ರಮ್ಮು, ಟ್ರೊಂಬೋನು, ನನ್ನ ಟ್ರಂಪೆಟ್ಟಿನ ಎರಡು ಸ್ವರ. ಮೇಲೆ ಏನೂ ಇಲ್ಲ. ಜನ ಕೇಳಿದರು, ಹಾಡು ಯಾವಾಗ ಶುರುವಾಗುತ್ತದೆ ಎಂದು.

ನೀನು ವಿಮಾನ ಹತ್ತಿದ್ದಕ್ಕೆ ನನಗೆ ಸಿಟ್ಟಿಲ್ಲ. ಟ್ಯಾಕ್ಸಿ ನಮ್ಮ ತಿರುವಿನಲ್ಲಿ ನಿಂತದ್ದನ್ನು ಲೊರ್ನಾ ನೋಡಿದ್ದಳು. ನಿಂತು, ಹೋಯಿತು.

ಮೊದಲು ಆ ಮುದುಕರ ಕೆಲಸ ಮಾಡು.

ಟೆರೆನ್ಸ್

*

ಬಿನ್ ಒಮ್ರಾನ್
೧೮ ಜನವರಿ ೨೦೨೫

ಪ್ರಿಯ ಟೆರಿ,

ನಿನ್ನೆ ಕಛೇರಿ ಆಯಿತು. ಸ್ವರಗಳು ಟಕ್ ಟಕ್ ಎಂದು ಬಿದ್ದವು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ನೀನು ಕೊನೆಯ ಪುಟ ಮೊದಲು ನೋಡುವವ.

ವಿತೋಲ್ದರ ಊಟದ ಮೇಜಿನ ಮೇಲೆ ಬೆಡ್‌ಶೀಟು ಹಾಸಿ ಎರಡು ವಾರದ ಕೆಲಸವನ್ನು ಎರಡು ದಿನದಲ್ಲಿ ಮಾಡಿದೆ. ರಜೆ ಕೇಳಿದಾಗ ಮ್ಯಾನೇಜರ್ "ಏನು ಕಾಯಿಲೆ" ಎಂದ. "ಲೀಕೇಜ್" ಎಂದೆ. ಮುಂದೆ ಕೇಳಲಿಲ್ಲ. ವಿತೋಲ್ದ್ ಟಾರ್ಚು ಹಿಡಿದು ನಿಂತರು, ನೀನು ದೀಪ ಹಿಡಿಯುತ್ತಿದ್ದೆಯಲ್ಲ, ಹಾಗೆ. ಎಂಟು ವರ್ಷದಿಂದ ನಾನು ಯಾವ ಆಲ್ಟೊವನ್ನೂ ಮುಟ್ಟಿರಲಿಲ್ಲ. ಸ್ಪ್ರಿಂಗ್ ಆಯಿತು, ಪ್ಯಾಡ್ ಆಯಿತು, ಕಿರುಬೆರಳಿನ ಕೀ ಒಂದು ಬಾಕಿ. ಆಗ ಅವರು ತಡೆದರು. "ರಿಪೇರಿ ಮಾಡಿದವನು ಊದಿ ಕೊಡಬೇಕು. ನಮ್ಮ ವುಚ್‌ನಲ್ಲಿ ಹಾಗೆ ಪದ್ಧತಿ."

"ಕೀ ಇನ್ನೂ ಬಾಗಿಯೇ ಉಂಟು ಸರ್" ಎಂದೆ.

"ಅದಕ್ಕೇ ಹೇಳಿದ್ದು. ಈಗ ಊದು. ನಿನ್ನ ಅಳತೆಗೆ ಉಂಟು."

ಮುದುಕರಿಗೆ ಮೊದಲ ದಿನವೇ ಗೊತ್ತಾಗಿತ್ತು ಟೆರಿ. ಜೇಬಿನಲ್ಲಿಟ್ಟ ಕೈಯೇ ಹೆಚ್ಚು ಕಾಣುವುದಂತೆ.

ಊದಿದೆ. ಬೇರೆ ಏನೂ ನೆನಪಾಗಲಿಲ್ಲ, ಮಾಸ್ತರರ ಮಾರ್ಚಿನ ಮೊದಲ ಸಾಲು. ಬೆರಳು ಕೀಯನ್ನು ಹುಡುಕಬೇಕಾಗಲಿಲ್ಲ, ಅದೇ ಹತ್ತಿರ ಇತ್ತು. ಇದು ಯಾವುದು ಎಂದು ಕೇಳಿದರು. ನಿನ್ನ ಕಾಗದದಲ್ಲಿದ್ದದ್ದನ್ನೆಲ್ಲ ಹೇಳಿದೆ: ತಿರುವಿನಲ್ಲಿ ನಿಂತ ಟ್ಯಾಕ್ಸಿ, ರಾಗವಿಲ್ಲದೆ ಇಗರ್ಜಿಗೆ ನಡೆದ ಬೇಂಡು. ಅವರು ಒಳಗೆ ಹೋಗಿ ಚಹಾ ಮಾಡಿ ತಂದರು. ಆಮೇಲೆ ಕೀಯನ್ನು ಹೊರಗೆ ಬಾಗಿಸಿದೆ. ಮೂರು ಸಲಕ್ಕೆ.

ಕಛೇರಿಗೆ ನನ್ನ ರೂಮಿನ ಸೋಮನಾಥನನ್ನು ಕರೆದುಕೊಂಡು ಹೋಗಿದ್ದೆ, ಬಾಗಲಕೋಟೆಯವನು. ಆರು ಮಗ್ಗಗಳನ್ನು ವಿತೋಲ್ದ್ ಊದಿದರು. ಆ ಉಸಿರು ಎಲ್ಲಿಂದ ಬಂತೋ! ನಾಲ್ಕನೆಯದರಲ್ಲಿ ಸೋಮನಾಥ ಕೂಡ ಕಾಲು ಕುಣಿಸಿದ. ಬಳಿಕ ಅವರು ಮೈಕಿನ ಹತ್ತಿರ ಬಂದು, "ಏಳನೆಯ ಮಗ್ಗ. ಇದು ಕಿನ್ನಿಗೊಲ್ಸ್ಕಿಯ ಬೇಂಡಿಗೆ" ಎಂದರು. ನಮ್ಮೂರನ್ನು ಪೋಲೆಂಡಿಗೆ ಸೇರಿಸಿಬಿಟ್ಟರು. ಯಾರಿಗೂ ಅರ್ಥವಾಗಲಿಲ್ಲ, ನನಗೊಬ್ಬನಿಗೆ ಬಿಟ್ಟು.

ಡ್ರಮ್ಮಿನವನು ಶುರು ಮಾಡಿದ. ಬಾಸು, ಪಿಯಾನೊ ಸೇರಿದವು. ವಿತೋಲ್ದ್ ವಾದ್ಯವನ್ನು ಎದೆಗೆ ತೂಗುಹಾಕಿ ಸುಮ್ಮನೆ ನಿಂತರು. ಒಂದು ನಿಮಿಷ. ಎರಡು. ಅಡಿಯದ್ದೆಲ್ಲ ನಡೆಯುತ್ತಿದೆ, ಮೇಲೆ ಏನೂ ಇಲ್ಲ. ಸೋಮನಾಥ ನನ್ನ ಪಕ್ಕೆ ತಿವಿದ. "ಏನಪಾ, ಊದಾಂವ ಸುಮ್ನ ನಿಂತಾನಲ್ಲೋ. ಹಾಡು ಯಾವಾಗ ಚಾಲೂ ಆಗತೈತಿ?"

ನನ್ನ ಎಡಗೈ ಮೊಣಕಾಲಿನ ಮೇಲೆ ತನ್ನಷ್ಟಕ್ಕೆ ಆಡುತ್ತಿತ್ತು. ಗಿಡ್ಡ ಬೆರಳೂ ಸೇರಿ.

ಆಮೇಲೆ ಹಿಂದಿನ ಕೋಣೆಯಲ್ಲಿ ಅವರು ಟವೆಲ್ಲಿನಿಂದ ಮುಖ ಒರೆಸುತ್ತ ಹೇಳಿದರು, "ಗಿರಣಿ ನಿಂತ ಸದ್ದನ್ನು ಹುಡುಕುತ್ತಿದ್ದೆ, ಅದು ತಪ್ಪು. ಗಿರಣಿ ಅವತ್ತೂ ನಡೆಯುತ್ತಲೇ ಇತ್ತು. ಅಮ್ಮನದು ಮಾತ್ರ ಇರಲಿಲ್ಲ. ನಿನ್ನ ಗೆಳೆಯರು ನನಗಿಂತ ಎಂಟು ವರ್ಷ ಮೊದಲೇ ಇದನ್ನು ನುಡಿಸಿದ್ದಾರೆ, ಅವರಿಗೆ ಹೇಳು."

ಹೇಳಿದ್ದೇನೆ.

ಟೆರಿ, ನನಗೆ ಫೆಬ್ರವರಿಯಲ್ಲಿ ರಜೆ ಸಿಕ್ಕಿದೆ. ಒಂಬತ್ತು ಈ ಸಲ ಆದಿತ್ಯವಾರ ಬೀಳುತ್ತದೆ. ನೀವು ಅವತ್ತು ನುಡಿಸಿದ್ದನ್ನೇ ನುಡಿಸಿ, ಅಷ್ಟೇ ಸಾಕು. ಮೇಲಿನದ್ದನ್ನು ನಾನು ಊದಬಹುದಾ?

ಇದನ್ನು ಕೇಳಲು ಹಾಳೆಯ ಹಿಂಬದಿಗೆ ಬಂದಿದ್ದೇನೆ, ನೋಡು.

ನಿನ್ನ
ಯಜ್ಞೇಶ್

*

ಕಿನ್ನಿಗೋಳಿ
೨೬ ಜನವರಿ ೨೦೨೫

ಯಜ್ಞ,

ಒಂಬತ್ತಕ್ಕೆ ಎರಡನೇ ಪೂಜೆ ಮುಗಿದ ಮೇಲೆ, ಸಿಮಿತ್ರಿಯಲ್ಲಿ, ಅಪ್ಪನ ಗೋರಿಯ ಹತ್ತಿರ. ಬೇಂಡಿನಲ್ಲಿ ಈಗ ಐದೇ ಜನ. ಟ್ರೊಂಬೋನಿನವರಿಗೆ ಕಿವಿ ಕೇಳುವುದಿಲ್ಲ, ಆದರೆ ನಿಲ್ಲಿಸಿ ಎಂದರೂ ಕೇಳುವುದಿಲ್ಲ, ಹಾಗಾಗಿ ತೊಂದರೆ ಇಲ್ಲ. ಗಮಕ ಗಿಮಕ ಹಾಕಬೇಡ, ಅಪ್ಪನಿಗೆ ಆಗುತ್ತಿರಲಿಲ್ಲ. "ಅದು ದೇವಸ್ಥಾನದಲ್ಲಿ, ಇಲ್ಲಿ ನೇರ ನಡಿ" ಎನ್ನುತ್ತಿದ್ದರು.

ನಿನ್ನ ಆಲ್ಟೊವನ್ನು ಮೊಳೆಯಿಂದ ಇಳಿಸಿ ಒರೆಸಿದೆ. ಕಿರುಬೆರಳಿನ ಕೀ ಅಪ್ಪ ಬಾಗಿಸಿದಲ್ಲೇ ಉಂಟು. ಅದನ್ನು ನಾನು ಮುಟ್ಟಲಿಲ್ಲ.

ಮುದುಕರಿಗೆ ಹಲ್ಲು ಕೀಳಿಸಿದ ಮೇಲೆ ಗಂಜಿ ಕೊಡಲು ಮಗಳಿಗೆ ಹೇಳು.

ಇನ್ನು ಹಸೈನಾರಾಕನ ಕೈಯಲ್ಲಿ ಏನೂ ಕಳಿಸಬೇಡ. ತಿರುವಿನಲ್ಲಿ ಟ್ಯಾಕ್ಸಿ ನಿಲ್ಲಿಸಿ, ಇಳಿದು ಬಾ.

ಟೆರಿ